‘ಕಂಬ ಬೇಡ’ ಎಂದು ಮಾರುವ ಗಾಡಿ ಚಪ್ಪರ ನಮಗೆ ಬೇಡ

ಮೊದಲೇ ಹೇಳಿಬಿಡುತ್ತೇವೆ. ಜೀಪಿಗೆ, ಬೊಲೆರೊಗೆ, ಪಿಕಪ್‌ಗೆ ಹಾಕಿಸುವ 270 ಡಿಗ್ರಿ ಆನಿಂಗನ್ನು ‘ಕಂಬ ಬೇಡ, ಹಗ್ಗ ಬೇಡ, ಒಂದೇ ನಿಮಿಷದಲ್ಲಿ ತೆರೆಯುತ್ತೆ’ ಎಂದು ಯಾರಾದರೂ ಮಾರಲು ಬಂದರೆ, ಆ ಒಂದು ಮಾತು ನಂಬಿ ದುಡ್ಡು ಕೊಡಬೇಡಿ. ಒಂದು ನಿಮಿಷದಲ್ಲಿ ತೆರೆಯುವುದು ನಿಜ. ಕಂಬ ಬೇಡ ಎನ್ನುವುದು ಗಾಳಿ ಇಲ್ಲದ ಊರಿನ ಮಾತು. ಕಪ್ಪತಗುಡ್ಡದ ಮೇಲೆ, ಚಿತ್ರದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರಗಳನ್ನು ಯಾರೂ ಚಂದಕ್ಕೆ ನಿಲ್ಲಿಸಿಲ್ಲ.

ಇದನ್ನು ಈಗ ಯಾಕೆ ಬರೆಯುತ್ತಿದ್ದೇವೆ ಎಂದರೆ, ಇದು ಬರೀ ಪೇಟೆಯವರ ಶೋಕಿಯಾಗಿ ಉಳಿದಿಲ್ಲ. ಮಲೆನಾಡಿನಲ್ಲಿ ಹೋಂಸ್ಟೇ ನಡೆಸುವವರು, ಪ್ರವಾಸಿಗರನ್ನು ಜೀಪಿನಲ್ಲಿ ಗುಡ್ಡ ಹತ್ತಿಸುವ ಹುಡುಗರು, ಜಾತ್ರೆಯಿಂದ ಜಾತ್ರೆಗೆ ಪಿಕಪ್ಪಿನಲ್ಲೇ ಅಂಗಡಿ ಇಡುವವರು ಫೋನಿನಲ್ಲಿ ರೀಲ್ಸ್ ನೋಡಿ ‘ನಮಗೂ ಒಂದು ಹಾಕಿಸೋಣ’ ಎನ್ನುತ್ತಿದ್ದಾರೆ. ಹಾಕಿಸಲಿ, ತಪ್ಪೇನಿಲ್ಲ. ಆದರೆ ಹೊರದೇಶದ ಒಳ್ಳೆಯ ಮಾಲು ಕರೆಯುವ ಹಸುವಿನ ಬೆಲೆಗೆ ಕಡಿಮೆ ಬೀಳುವುದಿಲ್ಲ. ಸಂಘದಲ್ಲಿ ಸಾಲ ಎತ್ತಿ ಕೊಳ್ಳುವವರು ಇದ್ದಾರೆ. ಅದರ ಕೆಳಗೆ ಕೂರುವವರು ದುಡ್ಡು ಕೊಟ್ಟು ಬಂದ ಅತಿಥಿಗಳು, ಅವರ ಮಕ್ಕಳು. ಲೋಹದ ತೋಳು ಮುರಿದು ಬಿದ್ದರೆ ಮೊದಲು ಕೇಳುವುದು ಗಾಡಿ ಮಾಲೀಕನನ್ನೇ, ರೀಲ್ಸ್ ಮಾಡಿದವನನ್ನಲ್ಲ.

ಏನಿದು 270?

ಗೊತ್ತಿಲ್ಲದವರಿಗೆ ಎರಡು ಮಾತು. ಆನಿಂಗ್ ಅಂದರೆ ಗಾಡಿಯ ಮೇಲಿನ ಕ್ಯಾರಿಯರ್‌ಗೆ ಉದ್ದದ ಚೀಲದಲ್ಲಿ ಮಡಚಿ ಕಟ್ಟಿದ ಬಟ್ಟೆಯ ಚಪ್ಪರ. ಹಾಗಾಗಿ ನಾವು ಗಾಡಿ ಚಪ್ಪರ ಎಂದೇ ಕರೆಯುತ್ತೇವೆ. ಗಾಡಿಯ ಹಿಂದಿನ ಮೂಲೆಯಲ್ಲಿ ಒಂದು ದೊಡ್ಡ ಕೀಲು ಇರುತ್ತದೆ. ಅಲ್ಲಿಂದ ನಾಲ್ಕೈದು ತೋಳುಗಳು ಬೀಸಣಿಗೆಯ ಹಾಗೆ ಬಿಚ್ಚಿಕೊಂಡು, ಗಾಡಿಯ ಒಂದು ಪಕ್ಕ ಮತ್ತು ಹಿಂಭಾಗ ಎರಡನ್ನೂ ಸುತ್ತುವರಿಯುತ್ತವೆ. ಪೂರ್ತಿ ಸುತ್ತು 360 ಡಿಗ್ರಿ. ಅದರಲ್ಲಿ 90 ಡಿಗ್ರಿ ಗಾಡಿಯ ಮೂಲೆಗೇ ಹೋಯಿತು. ಉಳಿದ 270 ಡಿಗ್ರಿ ನೆರಳು. ತೋಳು ಎರಡು ಮೀಟರ್‌ಗಿಂತ ಸ್ವಲ್ಪ ಉದ್ದ ಇದ್ದರೆ ಸುಮಾರು 10 ಚದರ ಮೀಟರ್ ನೆರಳು ಸಿಗುತ್ತದೆ. ಏಳೆಂಟು ಜನ ಆರಾಮಾಗಿ ಕೂರಬಹುದು.

ಇದು ಹೆಸರು ಮಾಡಿದ್ದು ಆಸ್ಟ್ರೇಲಿಯಾ ಮತ್ತು ದಕ್ಷಿಣ ಆಫ್ರಿಕಾದಲ್ಲಿ. ಒಣ ಬಯಲಿನಲ್ಲಿ ದಿನಗಟ್ಟಲೆ ಗಾಡಿ ಓಡಿಸಿ, ಸಂಜೆ ಎಲ್ಲಾದರೂ ನಿಲ್ಲಿಸಿ ಅಡುಗೆ ಮಾಡಿಕೊಳ್ಳುವವರ ಸಾಮಾನು. ಅಲ್ಲಿನ ಹೆಸರುವಾಸಿ ಬ್ಯಾಟ್‌ವಿಂಗ್ ಎಂಬ ಮಾದರಿಯಲ್ಲಿ ತೋಳುಗಳ ಒಳಗೇ ಕಂಬಗಳನ್ನು ಮಡಚಿ ಇಟ್ಟಿರುತ್ತಾರೆ. ಕಂಬವಿಲ್ಲದೆ ನಿಲ್ಲುವ ಮಾದರಿಗಳು ಕೂಡ ಇವೆ. ಆದರೆ ಗಾಳಿ ಬಂದರೆ ಹಗ್ಗ ಕಟ್ಟಿ, ಜೋರಾದರೆ ಮಡಚಿ ಎಂಬ ಸೂಚನೆ ಅವುಗಳ ಜೊತೆಗೂ ಬರುತ್ತದೆ. ಸೂಚನೆಯ ಹಾಳೆ ಡಬ್ಬದಲ್ಲೇ ಉಳಿಯುತ್ತದೆ, ರೀಲ್ಸ್ ಮಾತ್ರ ಊರೆಲ್ಲ ಓಡಾಡುತ್ತದೆ.

ಲೆಕ್ಕ ಹಾಕಿ ನೋಡೋಣ

ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ಎದುರಿಗೆ ಬಡಿದರೆ ಒಂದು ಚದರ ಮೀಟರ್ ಬಟ್ಟೆಯ ಮೇಲೆ ಸುಮಾರು 6 ಕೆಜಿ ಒತ್ತಡ ಬೀಳುತ್ತದೆ. ಗಾಳಿ ಎರಡು ಪಟ್ಟಾದರೆ, ಅಂದರೆ 72 ಕಿಲೋಮೀಟರ್ ಆದರೆ, ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಆಗುತ್ತದೆ. ಚದರ ಮೀಟರಿಗೆ 25 ಕೆಜಿ. ಚಪ್ಪರ ಅಡ್ಡಡ್ಡ ಇರುವವರೆಗೆ ಗಾಳಿ ಅಷ್ಟಾಗಿ ಹಿಡಿಯುವುದಿಲ್ಲ. ಒಂದು ಅಂಚು ಎದ್ದು ಬಟ್ಟೆ ಗಾಳಿಗೆ ಎದೆ ಕೊಟ್ಟಿತೋ, 10 ಚದರ ಮೀಟರಿಗೆ ಎರಡೂವರೆ ಕ್ವಿಂಟಾಲ್ ಒತ್ತಡ. ಬೇಸಿಗೆಯ ಸಂಜೆ ಅಡ್ಡಮಳೆ ಬರುವ ಮುಂಚೆ ಬೀಸುವ ಗಾಳಿ ಒಂದೇ ಏಟಿಗೆ ಅಷ್ಟು ಜೋರಾಗುವುದನ್ನು ನೀವು ನೋಡಿದ್ದೀರಿ. ಹಂಚು, ಬಾಳೆ, ಪಾಲಿಹೌಸಿನ ಹಾಳೆ ಹಾರುವುದೂ ಆಗಲೇ.

ಕಂಬ ಇದ್ದರೆ ಈ ಹೊರೆ ನೆಲಕ್ಕೆ ಇಳಿಯುತ್ತದೆ, ಹಗ್ಗ ಇದ್ದರೆ ಗೂಟಕ್ಕೆ ಹೋಗುತ್ತದೆ. ಎರಡೂ ಇಲ್ಲದಿದ್ದರೆ ಎಲ್ಲ ಬರುವುದು ಆ ಒಂದು ಕೀಲಿಗೆ, ಕೀಲಿನಿಂದ ಕ್ಯಾರಿಯರಿನ ನಾಲ್ಕು ಬೋಲ್ಟಿಗೆ. ಉದ್ದ ಕೋಲಿನ ತುದಿಗೆ ನೀರಿನ ಬಿಂದಿಗೆ ಕಟ್ಟಿ, ಇನ್ನೊಂದು ತುದಿಯನ್ನು ಒಂದೇ ಕೈಲಿ ಹಿಡಿದು ನೋಡಿ. ಕೀಲಿನ ಪಾಡು ಅರ್ಥವಾಗುತ್ತದೆ.

ಮಳೆಯ ಲೆಕ್ಕ ಇನ್ನೂ ಸುಲಭ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. 10 ಚದರ ಮೀಟರ್ ಚಪ್ಪರದ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್, ಅಂದರೆ 100 ಕೆಜಿ. ಆಗುಂಬೆ ಕಡೆಯವರಿಗೆ 10 ಮಿಲಿಮೀಟರ್ ಒಂದು ಮಳೆಯೇ ಅಲ್ಲ. ನೀರು ಹರಿದು ಹೋದರೆ ತೊಂದರೆಯಿಲ್ಲ. ಎರಡು ತೋಳುಗಳ ನಡುವೆ ಬಟ್ಟೆ ಜೋತು ಹೊಂಡವಾದರೆ ಅಷ್ಟೂ ನೀರು ಅಲ್ಲೇ ಕೂರುತ್ತದೆ. ಒಂದು ಕಂಬವನ್ನು ಗಿಡ್ಡ ಮಾಡಿ ಇಳಿಜಾರು ಕೊಡುವುದು ಮದುವೆ ಚಪ್ಪರ ಹಾಕುವ ಯಾರಿಗಾದರೂ ಗೊತ್ತು. ಕಂಬವೇ ಇಲ್ಲದಿದ್ದರೆ ಗಿಡ್ಡ ಮಾಡುವುದು ಯಾವುದನ್ನು?

‘ಹಾಗಾದರೆ ತಾಡಪಾಲು ಸಾಕಲ್ಲ?’

ಹಿರಿಯರು ಹೀಗೆ ಕೇಳುತ್ತಾರೆ. ತುಂಬ ಜನರಿಗೆ ಸಾಕು ಎಂದೇ ನಾವೂ ಹೇಳುತ್ತೇವೆ. ವರ್ಷಕ್ಕೆ ನಾಲ್ಕು ಸಲ ಜಾತ್ರೆಗೋ ಕೆರೆ ದಂಡೆಗೋ ಹೋಗುವವರು ರೈತ ಸಂಪರ್ಕ ಕೇಂದ್ರದಲ್ಲಿ ರಿಯಾಯಿತಿಗೆ ಸಿಕ್ಕ ತಾಡಪಾಲನ್ನೇ ಕ್ಯಾರಿಯರಿಗೆ ಕಟ್ಟಿ, ಎರಡು ಬಿದಿರಿನ ಗಳ ನಿಲ್ಲಿಸಿ, ನಾಲ್ಕು ಗೂಟ ಹೊಡೆದರೆ ಕೆಲಸ ಆಗುತ್ತದೆ. ಎತ್ತಿನ ಗಾಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಗಾಡಿ ಪಕ್ಕದಲ್ಲೇ ಬೀಡುಬಿಡುವ ಮಂದಿಗೆ ಗಾಡಿ ಚಪ್ಪರದ ಪಾಠ ಯಾರೂ ಹೇಳಬೇಕಿಲ್ಲ.

ಆದರೆ ದಿನಕ್ಕೆ ಮೂರು ಕಡೆ ನಿಲ್ಲಿಸಿ ಬಿಚ್ಚಿ ಮಡಚುವವರಿಗೆ, ಒಬ್ಬರೇ ಗಾಡಿ ನಡೆಸುವವರಿಗೆ ತಾಡಪಾಲು ತ್ರಾಸು. ಅರ್ಧ ಗಂಟೆ ಹೋಗುತ್ತದೆ, ಇನ್ನೊಂದು ಜೊತೆ ಕೈ ಬೇಕು. ಅಂಥವರಿಗೆ 270 ನಿಜವಾಗಿ ಉಪಯೋಗದ ವಸ್ತು. ಚಹಾಕ್ಕೆ ಅರ್ಧ ಗಂಟೆ ನಿಂತಾಗ, ಗಾಳಿ ಇಲ್ಲದಾಗ, ಕಣ್ಣೆದುರೇ ಇರುವಾಗ ಕಂಬವಿಲ್ಲದೆ ಬಿಡಿಸಿಕೊಳ್ಳಿ. ರಾತ್ರಿ ಕಳೆಯಲು, ಅತಿಥಿಗಳನ್ನು ಕೂರಿಸಲು, ಅಂಗಡಿ ಇಡಲು ಕಂಬ, ಹಗ್ಗ, ಗೂಟ ಇರಲೇಬೇಕು.

ಕೊಳ್ಳುವ ಮುಂಚೆ ಇವನ್ನು ಕೇಳಿ

ಒಂದು. ಕಂಬ ಎಷ್ಟು, ಹಗ್ಗ ಕಟ್ಟುವ ಬಳೆ ಎಷ್ಟು? ಪ್ರತಿ ತೋಳಿಗೂ ಒಂದು ಕಂಬ ಸಿಕ್ಕಿಸುವ ಜಾಗ ಇರಬೇಕು. ‘ಬೇಕಾದರೆ ಬೇರೆ ಕೊಳ್ಳಿ’ ಎಂದರೆ ಆ ದುಡ್ಡನ್ನೂ ಸೇರಿಸಿಯೇ ಬೆಲೆ ಹೋಲಿಸಿ.

ಎರಡು. ಎಡಗಡೆಯದ್ದೋ, ಬಲಗಡೆಯದ್ದೋ? ಹೆಚ್ಚಿನವನ್ನು ಒಂದೇ ಪಕ್ಕಕ್ಕೆ ಎಂದು ಮಾಡಿರುತ್ತಾರೆ, ತಿರುಗಿಸಿ ಹಾಕಲು ಬರುವುದಿಲ್ಲ. ನಾವು ರಸ್ತೆಯ ಎಡಕ್ಕೆ ನಿಲ್ಲಿಸುವವರು, ಚಪ್ಪರ ಎಡಕ್ಕೇ ತೆರೆಯಬೇಕು. ಅಮೆರಿಕದವರು ಬಲಕ್ಕೆ ನಿಲ್ಲಿಸುತ್ತಾರೆ. ಅವರಿಗೆಂದು ಮಾಡಿದ್ದು ಅಗ್ಗಕ್ಕೆ ಸಿಕ್ಕಿತೆಂದು ತಂದರೆ ನಿಮ್ಮ ಗಿರಾಕಿಗಳು ಲಾರಿ ಓಡಾಡುವ ಕಡೆ ಕೂರಬೇಕಾಗುತ್ತದೆ.

ಮೂರು. ಹಿಂಬಾಗಿಲು ತೆರೆಯುತ್ತದೆಯೇ? ಬೊಲೆರೊ ಥರ ಪಕ್ಕಕ್ಕೆ ತೆರೆಯುವ ಬಾಗಿಲಾದರೆ ಹೆಚ್ಚು ತಕರಾರಿಲ್ಲ. ಇನ್ನೋವಾ ಥರ ಮೇಲಕ್ಕೆ ಎತ್ತುವ ಬಾಗಿಲು ತೋಳಿಗೆ ತಾಗಬಹುದು. ನಿಮ್ಮದೇ ಮಾದರಿಯ ಗಾಡಿಗೆ ಹಾಕಿ ತೋರಿಸಿ ಎನ್ನಿ. ಫೋಟೋ ನಂಬಬೇಡಿ.

ನಾಲ್ಕು. ತೂಕ ಎಷ್ಟು? ಈ ಜಾತಿಯವು ಸಾಮಾನ್ಯವಾಗಿ 20ರಿಂದ 30 ಕೆಜಿ ತೂಗುತ್ತವೆ. ಅಷ್ಟೂ ಭಾರ ಒಂದೇ ಪಕ್ಕಕ್ಕೆ ಜೋತುಬಿದ್ದಿರುತ್ತದೆ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಮಾಡಿನ ಮೇಲೆ ಎಷ್ಟು ಭಾರ ಹೇರಬಹುದು ಎಂದು ಬರೆದಿರುತ್ತಾರೆ. ಕ್ಯಾರಿಯರಿನ ತೂಕವೂ ಅದರೊಳಗೇ ಬರಬೇಕು. ಬೋಲ್ಟಿಗೆ ಸಡಿಲವಾಗದ ಲಾಕ್ ನಟ್ ಹಾಕಿಸಿ. ನಮ್ಮ ರಸ್ತೆಯಲ್ಲಿ ನೂರು ಕಿಲೋಮೀಟರ್ ಓಡಿಸಿದ ಮೇಲೆ ಒಮ್ಮೆ ಪಾನಾ ಹಾಕಿ ನೋಡಿ.

ಐದು. ಬಟ್ಟೆ ಯಾವುದು? ಹತ್ತಿ ಬೆರೆತ ಕ್ಯಾನ್ವಾಸ್ ಭಾರ, ಬೇಗ ಒಣಗುವುದಿಲ್ಲ, ಆದರೆ ಬಿಸಿಲಿಗೆ ತಂಪು ನೆರಳು ಕೊಡುತ್ತದೆ. ಪಾಲಿಯೆಸ್ಟರ್ ಹಗುರ, ಬೇಗ ಒಣಗುತ್ತದೆ, ಆದರೆ ಒಳಗಿನ ನೀರು ತಡೆಯುವ ಲೇಪ ಸೆಕೆ ಮತ್ತು ತೇವದಲ್ಲಿ ಅಂಟಂಟಾಗಿ ಸುಲಿಯುತ್ತದೆ. ಯಾವುದಾದರೂ ಒದ್ದೆಯಲ್ಲೇ ಮಡಚಿ ಚೀಲಕ್ಕೆ ತುಂಬಿದರೆ ಮಳೆಗಾಲ ಮುಗಿಯುವುದರೊಳಗೆ ಬೂಷ್ಟು ಹಿಡಿಯುವುದು ಖಾತ್ರಿ. ಬಟ್ಟೆಯ ಜಿಎಸ್‌ಎಂ ಎಷ್ಟೆಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ತಾಡಪಾಲು ಕೊಳ್ಳುವಾಗ ಕೇಳುವ ನಾವು ಇದಕ್ಕೆ ಯಾಕೆ ಕೇಳಬಾರದು?

ಆರು. ಒಂದು ತೋಳು ಮುರಿದರೆ ಬಿಡಿಯಾಗಿ ಸಿಗುತ್ತದೆಯೇ, ಎಷ್ಟು ದಿನಕ್ಕೆ? ಸಿಗದಿದ್ದರೆ ನಟ್ಟು ಬೋಲ್ಟಿನಲ್ಲಿ ಕೂರಿಸಿದ ಮಾದರಿಯನ್ನೇ ಆರಿಸಿ. ಊರಿನ ವೆಲ್ಡಿಂಗ್ ಅಂಗಡಿಯಲ್ಲಾದರೂ ತೋಳು ಬಿಚ್ಚಿ ರಿಪೇರಿ ಮಾಡಿಸಬಹುದು.

ಏಳು. ಬಿಚ್ಚಿ ತೆಗೆಯಬಹುದೇ? ಆರ್‌ಸಿಯಲ್ಲಿ ಇರುವ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಗಾಡಿಯ ಬಾಡಿಗೆ ತೂತು ಕೊರೆದು, ವೆಲ್ಡ್ ಮಾಡಿ ಕೂರಿಸುವ ಕೆಲಸಕ್ಕೆ ಕೈ ಹಾಕಬೇಡಿ. ಕ್ಲಾಂಪಿನಲ್ಲಿ ಕೂರುವುದನ್ನು ತೆಗೆದುಕೊಳ್ಳಿ. ಕಾಫಿ ತೋಟದ ಕಿರುದಾರಿಯಲ್ಲಿ ಕೊಂಬೆ ಬಡಿಯುವ ಕಾಲಕ್ಕೆ ಬಿಚ್ಚಿ ಮನೆಯಲ್ಲಿಡಲೂ ಬರುತ್ತದೆ.

ಹಾಕಿಸಿದ ಮೇಲೆ

ಡಬ್ಬದಲ್ಲಿ ಬರುವ ಕಡ್ಡಿಯಂಥ ಗೂಟಗಳು ನಮ್ಮ ಎಲ್ಲ ನೆಲಕ್ಕೂ ಆಗುವುದಿಲ್ಲ. ಮಳೆ ನೆನೆದ ಎರೆಭೂಮಿಯಲ್ಲಿ ಎಳೆದರೆ ಕಿತ್ತು ಬರುತ್ತವೆ. ಕರಾವಳಿಯ ಮುರಕಲ್ಲಿನಲ್ಲಿ ಇಳಿಯುವುದೇ ಇಲ್ಲ. ಮರಳಿನಲ್ಲಿ ನಿಲ್ಲುವುದಿಲ್ಲ. ಒಂದೂವರೆ ಅಡಿಯ ಕಬ್ಬಿಣದ ಗೂಟ ನಾಲ್ಕು ಮಾಡಿಸಿಟ್ಟುಕೊಳ್ಳಿ. ಗೂಟ ಇಳಿಯದ ಕಡೆ ಗೊಬ್ಬರದ ಖಾಲಿ ಚೀಲಕ್ಕೆ ಮರಳು ತುಂಬಿ ಹಗ್ಗ ಕಟ್ಟಿ. ಮರಳಿನ ದಂಡೆಯಲ್ಲಾದರೆ ಆ ಚೀಲವನ್ನು ಹೂಳಿ.

ಚಪ್ಪರದ ಕೆಳಗೆ ಸೌದೆ ಒಲೆ ಹಚ್ಚಲೇಬೇಡಿ. ಪಾಲಿಯೆಸ್ಟರ್ ಕಿಡಿಗೆ ಕರಗಿ ಮೈಮೇಲೆ ತೊಟ್ಟಿಕ್ಕುತ್ತದೆ. ಗುಡುಗು ಶುರುವಾದರೆ ಬಟ್ಟೆ ಒದ್ದೆಯಾದೀತೆಂದು ನೋಡುತ್ತ ನಿಲ್ಲಬೇಡಿ. ಎಲ್ಲರನ್ನೂ ಕಬ್ಬಿಣದ ಮಾಡು ಇರುವ ಗಾಡಿಯೊಳಗೆ ಕೂರಿಸಿ, ಗಾಜು ಏರಿಸಿ. ಸಿಡಿಲಿನ ಮುನ್ಸೂಚನೆ ಕೊಡುವ ದಾಮಿನಿ ಆ್ಯಪ್ ಫೋನಿನಲ್ಲಿರಲಿ. ದುಡ್ಡು ಕೊಡಬೇಕಿಲ್ಲ.

ಮಾರುವವರಿಗೂ ಒಂದು ಮಾತು. ನಿಮ್ಮ ವ್ಯಾಪಾರಕ್ಕೆ ಕಲ್ಲು ಹಾಕುವ ಉದ್ದೇಶ ನಮಗಿಲ್ಲ. ಮುಂದಿನ ವಿಡಿಯೋದಲ್ಲಿ ತೆರೆಯುವ ಒಂದು ನಿಮಿಷದ ಜೊತೆಗೆ, ಕಂಬ ನಿಲ್ಲಿಸಿ ಹಗ್ಗ ಬಿಗಿಯುವ ಐದು ನಿಮಿಷವನ್ನೂ ತೋರಿಸಿ. ಕಂಬವನ್ನು ಬೆಲೆಯೊಳಗೇ ಸೇರಿಸಿ ಕೊಡಿ. ಇಷ್ಟು ಮಾಡಿದರೆ ನಿಮ್ಮ ಮಾಲು ಹಳ್ಳಿಯಲ್ಲಿ ಇನ್ನೂ ಹೆಚ್ಚು ಹೋಗುತ್ತದೆ.

ಕೊಳ್ಳುವವರು ಅಂಗಡಿಗೆ ಹೋಗುವಾಗ ಊರಿನಲ್ಲಿ ಮದುವೆ ಚಪ್ಪರ ಹಾಕುವವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರ ಚಹಾ ಊಟದ ಖರ್ಚು ನಿಮ್ಮದು. ಚಪ್ಪರ ಬಿಡಿಸಿಸಿ, ತುದಿಯ ತೋಳು ಹಿಡಿದು ಒಮ್ಮೆ ಅಲುಗಾಡಿಸಿ ನೋಡಲು ಅವರಿಗೆ ಹೇಳಿ. ಅವರು ತಲೆಯಾಡಿಸಿದರೆ ಮಾತ್ರ ದುಡ್ಡು ಎಣಿಸಿ.