ಕೈ ಹಾಕೋದು ತಪ್ಪಲ್ಲ, ಮುಚ್ಚಿಡೋದು ತಪ್ಪು



‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಆದರೆ ನನ್ನ ಕೈ ಕೆಸರಾದಾಗ ಬಾಯಿಗೆ ಮೊಸರು ಬರಲಿಲ್ಲ, ಕಿವಿಗೆ ಬೈಗುಳ ಬಂತು. ಆ ವಿಷಯ ಹೇಳಿ, ಅದರ ಬಗ್ಗೆ ನನ್ನ ಅಭಿಪ್ರಾಯವನ್ನು ನಮ್ಮ ಗೋಡೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಒಂದು ಹಳೇ ಮಾರುತಿ 800 ಕಾರಿದೆ. ಈ ಕಾರು 1983ರಲ್ಲಿ ಶುರುವಾಗಿ 2014ರಲ್ಲಿ ತಯಾರಿಕೆ ನಿಂತುಹೋಯಿತು. ನಮ್ಮದು ನಾನು ಹುಟ್ಟುವುದಕ್ಕಿಂತ ಮೊದಲಿನದು. ಬೆಳಿಗ್ಗೆ ಕೀ ತಿರುಗಿಸಿದರೆ ಒಂದೊಂದು ದಿನ ‘ಕಟಕಟ’ ಅಂತ ಶಬ್ದ ಮಾಡಿ ಸುಮ್ಮನಾಗಿಬಿಡೋದು. ಆಗ ನಾನು, ಅಮ್ಮ, ತಂಗಿ ಮೂರೂ ಜನ ಹಿಂದಿನಿಂದ ತಳ್ಳಬೇಕಿತ್ತು. ‘ಯಾಕಪ್ಪಾ ಹಿಂಗಾಗುತ್ತೆ?’ ಅಂತ ಕೇಳಿದರೆ ‘ನಿಂಗ್ಯಾಕೋ ಅದೆಲ್ಲಾ, ಮುಟ್ಟಬೇಡ, ಹೋಗಿ ಓದ್ಕೋ’ ಅನ್ನುತ್ತಿದ್ದರು.

ಒಂದು ಭಾನುವಾರ ಅಪ್ಪ ಹೊಲಕ್ಕೆ ಹೋಗಿದ್ದಾಗ ನಾನು ಬಾನೆಟ್ ಎತ್ತಿದೆ. ಬ್ಯಾಟರಿಗೆ ವೈರು ಸೇರುವ ಎರಡೂ ಕಡೆ ಬಿಳಿ, ಹಸಿರು ಪುಡಿ ಬೂಷ್ಟಿನ ಹಾಗೆ ಬೆಳೆದಿತ್ತು. ಬ್ಯಾಟರಿ ಒಳಗೆ ಸೀಸದ ತಟ್ಟೆಗಳೂ ನೀರು ಬೆರೆಸಿದ ಗಂಧಕಾಮ್ಲವೂ ಇರುತ್ತವೆ. ಅದರಲ್ಲಿ 6 ಕೋಶಗಳು, ಒಂದೊಂದರಿಂದ ಸುಮಾರು 2 ವೋಲ್ಟ್, ಒಟ್ಟು 12 ವೋಲ್ಟ್. ಆಮ್ಲ ತಾಗಿ ತಾಗಿ ಲೋಹದ ಮೇಲೆ ಇಂಥ ಪುಡಿ ಕಟ್ಟಿಕೊಂಡರೆ ಕರೆಂಟು ಸರಿಯಾಗಿ ಹರಿಯುವುದಿಲ್ಲ.

ವಿಜ್ಞಾನ ಪಾಠದಲ್ಲಿ ಆಮ್ಲಕ್ಕೆ ಪ್ರತ್ಯಾಮ್ಲ ಸೇರಿದರೆ ತಟಸ್ಥವಾಗುತ್ತದೆ ಎಂದು ಓದಿದ್ದೇವಲ್ಲವೇ? ಅಡುಗೆ ಸೋಡಾ ಆಮ್ಲವನ್ನು ತಟಸ್ಥ ಮಾಡುತ್ತದೆ. ಅಮ್ಮ ಬೋಂಡಾಕ್ಕೆ ಇಟ್ಟಿದ್ದ ಸೋಡಾವನ್ನು ಬಿಸಿನೀರಿಗೆ ಕಲಸಿಕೊಂಡೆ. 10-11ರ ಸ್ಪ್ಯಾನರ್ ತಗೊಂಡು ಪ್ಲಸ್ ಕಡೆ ನಟ್ಟು ಬಿಚ್ಚೋಕೆ ಹೋದೆ. ಸ್ಪ್ಯಾನರಿನ ಇನ್ನೊಂದು ತುದಿ ಕಾರಿನ ಬಾಡಿಗೆ ತಾಗಿ ‘ಚಟ್’ ಅಂತ ಕಿಡಿ ಹಾರಿತು. ಎದೆ ಧಸಕ್ ಅಂತು. ಆದರೂ ಬಿಡಲಿಲ್ಲ. ಹೇಗೋ ಎರಡೂ ಬಿಚ್ಚಿ ಸೋಡಾ ನೀರು ಹಾಕಿದೆ. ಬುಸ್ಸೆಂದು ನೊರೆ ಬಂತು! ಪುಸ್ತಕದಲ್ಲಿ ಓದಿದ್ದು ಕಣ್ಣೆದುರೇ ಆಯಿತಲ್ಲಾ ಎಂದು ಬಹಳ ಖುಷಿಯಾಯಿತು. ಹಳೇ ಬ್ರಷ್ಷಿನಿಂದ ಉಜ್ಜಿ ಒರೆಸಿದೆ.

ಅಷ್ಟರಲ್ಲಿ ಬೀದಿ ಕಡೆ ಅಪ್ಪನ ಕೆಮ್ಮು ಕೇಳಿಸಿತು. ಗಡಿಬಿಡಿಯಲ್ಲಿ ವೈರುಗಳನ್ನು ಸಿಕ್ಕಿಸಿ, ನಟ್ಟು ಬಿಗಿ ಮಾಡದೆ, ಬಾನೆಟ್ ಮುಚ್ಚಿ ಓಡಿಬಿಟ್ಟೆ. ಯಾರಿಗೂ ಹೇಳಲಿಲ್ಲ.

ಮಂಗಳವಾರ ರಾತ್ರಿ ಪಕ್ಕದ ಮನೆ ಅಜ್ಜಿಗೆ ಉಸಿರು ಕಟ್ಟಿದಂತಾಯಿತು. ಅಪ್ಪ ಓಡಿಹೋಗಿ ಕಾರು ಹತ್ತಿದರು. ಕೀ ತಿರುಗಿಸಿದರೆ ‘ಕಟಕಟ’ ಕೂಡ ಇಲ್ಲ, ಲೈಟೂ ಇಲ್ಲ. ಎಲ್ಲರೂ ಬೀದಿ ಕೊನೆವರೆಗೆ ತಳ್ಳಿದರು. ನಾನೂ ತಳ್ಳಿದೆ. ಕಾರಣ ಗೊತ್ತಿದ್ದವನು ನಾನೊಬ್ಬನೇ, ಆದರೆ ಬಾಯಿ ಬರಲಿಲ್ಲ. ಹಿಂದಿನ ಸೀಟಿನಲ್ಲಿ ಅಜ್ಜಿ ಏದುಸಿರು ಬಿಡುವುದು ಕೇಳುತ್ತಿತ್ತು. ಕೊನೆಗೆ ತಡೆಯಲಾರದೆ ‘ಅಪ್ಪಾ, ಭಾನುವಾರ ನಾನು ಬ್ಯಾಟರಿ ವೈರು ಬಿಚ್ಚಿದ್ದೆ’ ಅಂದೆ. ಅಪ್ಪ ಟಾರ್ಚ್ ಹಿಡಿದು ನೋಡಿದರು. ಎರಡು ನಟ್ಟು ಬಿಗಿ ಮಾಡಿದರು. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು! ದೇವರ ದಯೆಯಿಂದ ಅಜ್ಜಿ ಎರಡು ದಿನದಲ್ಲಿ ಹುಷಾರಾಗಿ ಮನೆಗೆ ಬಂದರು.

ಮಾರನೇ ದಿನ ಚೆನ್ನಾಗಿ ಬೈಸಿಕೊಂಡೆ. ಆಮೇಲೆ ಅಪ್ಪ ಹೇಳಿದರು: ‘ಬಿಚ್ಚಿದ್ದಕ್ಕೆ ನಂಗೆ ಅಷ್ಟು ಸಿಟ್ಟಿಲ್ಲ ಕಣೋ. ಮೂರು ದಿನ ಹೇಳ್ದೆ ಇದ್ಯಲ್ಲ, ಅದಕ್ಕೆ ಸಿಟ್ಟು.’ ಆಮೇಲೆ ಅವರೇ ಬಾನೆಟ್ ಎತ್ತಿ ತೋರಿಸಿಕೊಟ್ಟರು. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಯಾಕೆಂದರೆ ಕಾರಿನ ಬಾಡಿಗೆ ಮೈನಸ್ ಸೇರಿರುತ್ತದೆ, ಅದನ್ನು ಬಿಡಿಸಿದ ಮೇಲೆ ಸ್ಪ್ಯಾನರ್ ತಾಗಿದರೂ ಕಿಡಿ ಬರುವುದಿಲ್ಲ. ಬ್ಯಾಟರಿಯಿಂದ ಜಲಜನಕ ಅನಿಲ ಬರಬಹುದು, ಹತ್ತಿರ ಬೆಂಕಿಕಡ್ಡಿ ಗೀರಬಾರದು. ನಟ್ಟು ಬಿಗಿ ಮಾಡಿ, ವೈರು ಅಲ್ಲಾಡಿಸಿ ನೋಡಿ, ಮೇಲೆ ಸ್ವಲ್ಪ ವ್ಯಾಸಲೀನ್ ಸವರಬೇಕು. ಇಷ್ಟನ್ನು ಕಲಿಯಲು ಹತ್ತು ನಿಮಿಷ ಸಾಕಾಯಿತು.

ಈಗ ನನ್ನ ಅಭಿಪ್ರಾಯ. ಗೆಳೆಯರೇ, ಗೊತ್ತಿಲ್ಲದ ಕೆಲಸಕ್ಕೆ ಕದ್ದು ಕೈ ಹಾಕಬೇಡಿ, ಗೊತ್ತಿದ್ದವರನ್ನು ಕೇಳಿ. ಬ್ರೇಕು, ಜಾಕಿ ತಂಟೆಗಂತೂ ಹೋಗಲೇಬೇಡಿ. ಏನಾದರೂ ಕೆಟ್ಟರೆ ಆ ದಿನವೇ ಹೇಳಿಬಿಡಿ. ಬೈಗುಳ ಒಂದು ಗಳಿಗೆ ಇರುತ್ತದೆ, ಅಜ್ಜಿಗೆ ಏನಾದರೂ ಆಗಿದ್ದರೆ ನನಗೆ ಜೀವನಪೂರ್ತಿ ಇರುತ್ತಿತ್ತು.

ಹಿರಿಯರಿಗೂ ಒಂದು ಮಾತು, ದಯವಿಟ್ಟು ಕ್ಷಮಿಸಬೇಕು. ‘ಮುಟ್ಟಬೇಡ’ ಎಂದರೆ ಮಕ್ಕಳು ಸುಮ್ಮನಿರುವುದಿಲ್ಲ, ನೀವಿಲ್ಲದಾಗ ಮುಟ್ಟುತ್ತಾರೆ. ‘ಬಾ, ತೋರಿಸ್ತೀನಿ’ ಅಂದರೆ ಯಾಕೆ ಕದಿಯುತ್ತಾರೆ? ನಮ್ಮ ಶಾಲೆಯಲ್ಲೂ ಶನಿವಾರ ಒಂದು ಪೀರಿಯಡ್ ಸೈಕಲ್ ಪಂಕ್ಚರ್ ಹಾಕುವುದು, ಚೈನು ಏರಿಸುವುದು ಇಂಥದ್ದನ್ನು ಹುಡುಗರಿಗೂ ಹುಡುಗಿಯರಿಗೂ ಕಲಿಸಿದರೆ ಒಳ್ಳೆಯದು ಎಂದು ಗುರುಗಳಲ್ಲಿ ವಿನಂತಿ. ಪಾಠದಲ್ಲಿ ಓದಿದ ಸೋಡಾ ಬ್ಯಾಟರಿ ಮೇಲೆ ನೊರೆ ಬಂದ ಮೇಲೆ ನನಗೆ ಮರೆತೇ ಇಲ್ಲ.

ಈಗ ನಮ್ಮ ಕಾರನ್ನು ಯಾರೂ ತಳ್ಳುವುದಿಲ್ಲ. ತಂಗಿಗೆ ಮಾತ್ರ ಸ್ವಲ್ಪ ಬೇಜಾರು, ಅವಳಿಗೆ ತಳ್ಳೋದು ಆಟವಾಗಿತ್ತು.

ತಪ್ಪಿದ್ದರೆ ಗುರುಗಳು ತಿದ್ದಬೇಕು.

— ಏಳನೇ ತರಗತಿಯ ವಿದ್ಯಾರ್ಥಿ