ಮಗುವಿನ ತೂಕ ಎಷ್ಟು ಅಂತ ಕೇಳುವ ಮುನ್ನ...



ನನ್ನ ಮಗಳು ಹುಟ್ಟಿದಾಗ 2.6 ಕೆಜಿ ಇದ್ದಳು. ಬಾಣಂತನಕ್ಕೆ ಅಂತ ಊರಿಂದ ನ್ಯೂಜೆರ್ಸಿಗೆ ಬಂದಿದ್ದ ಅಮ್ಮನಿಗೆ ಅದೊಂದೇ ಕೊರಗು. ಮೂರನೇ ತಿಂಗಳಿಗೇ "ಹಾಲು ಸಾಲ್ತಿಲ್ಲ ಕಣೋ, ರಾಗಿ ಸರಿ ಶುರು ಮಾಡೋಣ" ಅಂದರು. ಅತ್ತ ಫೋನಿನಲ್ಲಿ ಅತ್ತೆ, "ಪಕ್ಕದ ಮನೆ ಮಗು ಎಷ್ಟು ಗುಂಡುಗುಂಡಗಿದೆ ಗೊತ್ತಾ ಅಳಿಯಂದ್ರೇ?" ಅಂದರು. ಇವೆಲ್ಲ ಕೇಳಿ ಹೆಂಡತಿ ಅಳುವುದೊಂದು ಬಾಕಿ.

ಡಾಕ್ಟರು ಮಾತ್ರ ಚಾರ್ಟ್ ತೋರಿಸಿ ನಕ್ಕರು. ಮಗಳ ಚುಕ್ಕಿಗಳು ಕೆಳಗಿನ ಗೆರೆಯ ಹತ್ತಿರವೇ ಇದ್ದವು, ಆದರೆ ಆ ಗೆರೆಯನ್ನೇ ಹಿಡಿದು ಮೇಲೇರುತ್ತಿದ್ದವು. ಒಂದು ದಿನದ ತೂಕ ಏನೂ ಹೇಳುವುದಿಲ್ಲ, ಗೆರೆ ಜಾರಿದರೆ ಮಾತ್ರ ಯೋಚಿಸಬೇಕು ಅಂದರು. ಆರು ತಿಂಗಳು ಎದೆಹಾಲೇ ಸಾಕು ಎಂದೂ ಹೇಳಿದರು. ರಾಗಿ ಸರಿ ಏಳನೇ ತಿಂಗಳಿಗೆ ಬಂತು, ಅಮ್ಮನೂ ಸಮಾಧಾನವಾದರು.

ಆ ಚಾರ್ಟನ್ನು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದಿತು. ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ, ಈ ಆರು ದೇಶಗಳ ಸುಮಾರು 8,500 ಮಕ್ಕಳನ್ನು ಅಳೆದು ಮಾಡಿದ್ದು. ನಮ್ಮ ದೆಹಲಿಯ ಮಕ್ಕಳೂ ಅದರಲ್ಲಿದ್ದರು. ಎದೆಹಾಲು, ಒಳ್ಳೆಯ ಆರೈಕೆ ಸಿಕ್ಕರೆ ಎಲ್ಲ ಕಡೆಯ ಮಕ್ಕಳೂ ಹೆಚ್ಚುಕಮ್ಮಿ ಒಂದೇ ರೀತಿ ಉದ್ದ ಬೆಳೆಯುತ್ತಾರೆ ಎಂದು ತಿಳಿದದ್ದು ಇದರಿಂದ. "ನಮ್ಮವರ ಮಕ್ಕಳು ಸಣ್ಣವೇ ಬಿಡಿ" ಅನ್ನುವ ನೆಪ ಇನ್ನು ನಡೆಯುವುದಿಲ್ಲ!

ಹಾಗಂತ ಹುಟ್ಟಿನ ತೂಕಕ್ಕೆ ಬೆಲೆಯಿಲ್ಲ ಅಂತಲ್ಲ. ಎರಡೂವರೆ ಕೆಜಿಗಿಂತ ಕಡಿಮೆ ಇರುವ ಕೂಸಿಗೆ ಸೋಂಕಿನ ಅಪಾಯ ಹೆಚ್ಚು. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1934ರಿಂದಲೂ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟಿತ್ತು. ಆ ಮಕ್ಕಳು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚು ಕಂಡಿತು. 1996ರಲ್ಲಿ ಪ್ರಕಟವಾದ ಈ ಅಧ್ಯಯನ ಲೋಕಪ್ರಸಿದ್ಧ. 2004ರಲ್ಲಿ ಪ್ರಕಟವಾದ ದೆಹಲಿಯ ಅಧ್ಯಯನ ಇನ್ನೊಂದು ಪಾಠ ಹೇಳಿತು: ಎರಡು ವರ್ಷದವರೆಗೆ ತೆಳ್ಳಗಿದ್ದು, ಆಮೇಲೆ ಬೇಗ ಬೇಗ ಮೈ ತುಂಬಿಕೊಂಡವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು. ಅಂದರೆ ಸಣ್ಣ ಮಗುವನ್ನು ಬಿಸ್ಕತ್ತು, ಜ್ಯೂಸು ತುರುಕಿ ದಪ್ಪ ಮಾಡುವುದು ಆರೋಗ್ಯವಲ್ಲ.

ನನ್ನನ್ನು ನಿಜವಾಗಿ ಕಾಡುವುದು ಬೇರೆ ಮಾತು. ನನ್ನ ಮಗಳ ಗೆರೆ ನೋಡಲು ಡಾಕ್ಟರಿದ್ದಾರೆ, ವಿಮೆಯಿದೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಅವರ ಗೆರೆ ನೋಡುವವರು ಅಂಗನವಾಡಿ ಕಾರ್ಯಕರ್ತೆಯರು. ಮಗು ಸೊರಗಿದ್ದು ಕಣ್ಣಿಗೆ ಕಾಣುವ ಎಷ್ಟೋ ಮೊದಲೇ ಆ ಗೆರೆ ಹೇಳುತ್ತದೆ. ಆದರೆ ತೂಕದ ಯಂತ್ರ ಕೆಟ್ಟಿದ್ದರೆ, ಉದ್ದ ಅಳೆಯುವ ಹಲಗೆಯೇ ಇಲ್ಲದಿದ್ದರೆ ಆಕೆಯಾದರೂ ಏನು ಮಾಡಿಯಾಳು?

ಅದಕ್ಕೇ ನನ್ನದೊಂದು ಕೋರಿಕೆ. ಮುಂದಿನ ಸಲ ರಜೆಗೆ ಊರಿಗೆ ಹೋದಾಗ ಅರ್ಧ ಗಂಟೆ ನಿಮ್ಮೂರ ಅಂಗನವಾಡಿಗೆ ಹೋಗಿ. ತನಿಖೆ ಮಾಡಲು ಅಲ್ಲ, ಏನು ಬೇಕಿದೆ ಅಂತ ಕೇಳಲು. ತಾಯಿ ಕಾರ್ಡಿನಲ್ಲಿ ಚುಕ್ಕಿ ಬೀಳುತ್ತಿದೆಯೇ ನೋಡಿ. ಯಂತ್ರ ಕೆಟ್ಟಿದ್ದರೆ ಪಂಚಾಯಿತಿಗೆ, ಇಲಾಖೆಗೆ ಒಂದು ಪತ್ರ ಬರೆಯಿರಿ.

ಮತ್ತೆ, ಬಂಧುಗಳ ಮನೆಯ ಕೂಸನ್ನು ನೋಡಿದಾಗ "ಎಷ್ಟು ಸಣ್ಣಗಿದೆ!" ಅಂತ ಮಾತ್ರ ಅನ್ನಬೇಡಿ. ಆ ಮಾತು ಬಾಣಂತಿಯ ಎದೆಗೆ ನಾಟುತ್ತದೆ.

ಏನಂತೀರಿ?