ದೊಡ್ಡ ಬ್ಯಾಟರಿಗಿಂತ ಮೊದಲು ಚಕ್ರದ ಗಾಳಿ ನೋಡಿ



ಕರೆಂಟ್ ಗಾಡಿ ಬಂದರೆ ಪೆಟ್ರೋಲ್ ಕಷ್ಟ ತೀರಿತು ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಮನೆಯಲ್ಲೇ ಕರೆಂಟ್ ಆಟೋ ಇದೆ. ಗಾಡಿ ಒಳ್ಳೆಯದೇ, ಇಲ್ಲ ಅನ್ನೋಲ್ಲ. ಆದರೆ ಅದರ ಚಾರ್ಜನ್ನು ನಾವು ತೂತು ಕೊಡದಲ್ಲಿ ನೀರು ಹೊತ್ತ ಹಾಗೆ ದಾರಿಯುದ್ದಕ್ಕೂ ಚೆಲ್ಲುತ್ತಿದ್ದೇವೆ ಎಂಬುದು ನನ್ನ ಅಭಿಪ್ರಾಯ.

ನಮ್ಮಪ್ಪ ಸಾಲ ಮಾಡಿ ಆಟೋ ತಂದರು. ನಮ್ಮೂರಿಂದ ತಾಲ್ಲೂಕಿಗೆ 12 ಕಿಲೋಮೀಟರ್. ದಿನಕ್ಕೆ ಮೂರು ಸಲ ಹೋಗಿ ಬಂದರೆ 72 ಕಿಲೋಮೀಟರ್ ಆಗುತ್ತದೆ. ಮೊದಮೊದಲು ಚೆನ್ನಾಗಿಯೇ ಓಡಿತು. ಆಮೇಲಾಮೇಲೆ ಸಂಜೆ ಮನೆಗೆ ಬರುವಾಗ ಚಾರ್ಜು ನೂರಕ್ಕೆ ಐದೋ ಆರೋ ಉಳಿಯುತ್ತಿತ್ತು. ಒಂದು ಸಂತೆ ದಿನ ಊರ ಹತ್ತಿರದ ದಿಬ್ಬದಲ್ಲಿ ನಿಂತೇ ಹೋಯ್ತು. ಮಳೆ ಬೇರೆ. ಒಳಗೆ ಆಸ್ಪತ್ರೆಯಿಂದ ಬರುತ್ತಿದ್ದ ಒಬ್ಬ ಅಜ್ಜಿ ಇದ್ದರು. ಅಪ್ಪ ಮತ್ತು ನಾನು ತಳ್ಳಿಕೊಂಡು ಬಂದೆವು. ಅಜ್ಜಿ ಬಾಡಿಗೆ ಕೊಡಲು ಬಂದರೂ ಅಪ್ಪ ನಾಚಿಕೆಯಿಂದ ತೆಗೆದುಕೊಳ್ಳಲಿಲ್ಲ.

ಮಾರನೇ ದಿನ ಅರಳಿಕಟ್ಟೆಯಲ್ಲಿ ಎಲ್ಲರದೂ ಒಂದೇ ಮಾತು: "ದೊಡ್ಡ ಬ್ಯಾಟ್ರಿ ಹಾಕ್ಸು ಕಣಯ್ಯ, ಮುಗೀತು." ದುಡ್ಡು ಎಲ್ಲಿಂದ ತರೋದು? ನಮ್ಮ ಹಸು ಗೌರಿಯನ್ನು ಮಾರುವ ಮಾತು ಬಂತು. ಅವತ್ತು ರಾತ್ರಿ ಅಮ್ಮ ಊಟ ಮಾಡಲಿಲ್ಲ.

ನಾನು ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು, "ಬ್ಯಾಟರಿ ಆಮೇಲೆ, ಮೊದಲು ಚಾರ್ಜು ಎಲ್ಲಿ ಹೋಗುತ್ತೆ ಹೇಳು" ಎಂದರು. ನನಗೆ ಗೊತ್ತಾಗಲಿಲ್ಲ. ಅವರೇ ವಿವರಿಸಿದರು. ಪೆಟ್ರೋಲ್ ಇಂಜಿನ್‌ನಲ್ಲಿ ಸುಮಾರು ಕಾಲು ಭಾಗ ಶಕ್ತಿ ಮಾತ್ರ ಗಾಡಿ ಓಡಿಸುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಕರೆಂಟ್ ಮೋಟಾರು ಹಾಗಲ್ಲ, ತನಗೆ ಬಂದ ಶಕ್ತಿಯ ಬಹುಪಾಲನ್ನು ಚಕ್ರಕ್ಕೇ ಕೊಡುತ್ತದೆ. ಅಂದ ಮೇಲೆ ನಷ್ಟ ಆಗೋದು ಹೆಚ್ಚಾಗಿ ಮೋಟಾರಿನ ಹೊರಗೆ: ಚಕ್ರದಲ್ಲಿ, ಎದುರು ಗಾಳಿಯಲ್ಲಿ, ಬ್ರೇಕಿನಲ್ಲಿ.

ಇದು ನಮಗೆಲ್ಲ ಗೊತ್ತಿರೋದೇ. ಸೈಕಲ್ಲಿನ ಗಾಳಿ ಇಳಿದಿದ್ದರೆ ಎಷ್ಟು ತುಳಿದರೂ ಮುಂದೆ ಹೋಗಲ್ಲ, ತೊಡೆ ನೋವು ಬರುತ್ತೆ. ಟೈರು ನೆಲಕ್ಕೆ ಒತ್ತಿ ಚಪ್ಪಟೆಯಾಗಿ ಮತ್ತೆ ಎದ್ದೇಳುವಾಗ ಶಕ್ತಿ ಬಿಸಿಯಾಗಿ ಹೋಗುತ್ತದೆ. ಆಟೋಗೆ ತೊಡೆ ಇಲ್ಲ, ಅದಕ್ಕೇ ಬಾಯಿಬಿಟ್ಟು ಹೇಳಲ್ಲ. ಬ್ಯಾಟರಿ ಮಾತ್ರ ಸುಮ್ಮನೆ ಖಾಲಿಯಾಗುತ್ತದೆ.

ಎದುರು ಗಾಳಿಯ ಲೆಕ್ಕ ಇನ್ನೂ ವಿಚಿತ್ರ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. 40ರ ಬದಲು 50ರಲ್ಲಿ ಓಡಿಸಿದರೆ ಆ ತಡೆ ಒಂದೂವರೆ ಪಟ್ಟಿಗಿಂತ ಹೆಚ್ಚು. 12 ಕಿಲೋಮೀಟರಿಗೆ ಉಳಿಯುವ ಸಮಯ ನಾಲ್ಕು ನಿಮಿಷವೂ ಇಲ್ಲ!

ಇನ್ನು ಬ್ರೇಕು. ಹಳೇ ಸೈಕಲ್ಲಿನ ಡೈನಮೋ ನೆನಪಿದೆಯಾ? ಚಕ್ರ ತಿರುಗಿದರೆ ದೀಪ ಉರಿಯುತ್ತಿತ್ತು. ಅಪ್ಪನ ಆಟೋದಲ್ಲೂ ಎಕ್ಸಲೇಟರ್ ಬಿಟ್ಟರೆ ಮೋಟಾರೇ ಡೈನಮೋ ಆಗಿ ಸ್ವಲ್ಪ ಚಾರ್ಜನ್ನು ಬ್ಯಾಟರಿಗೆ ವಾಪಸು ಕೊಡುತ್ತದೆ. ಆದರೆ ಕೊನೆಯವರೆಗೂ ಜೋರಾಗಿ ಬಂದು ಗಕ್ಕನೆ ಬ್ರೇಕ್ ತುಳಿದರೆ ಆ ಶಕ್ತಿಯೆಲ್ಲ ಬ್ರೇಕ್ ಕಾಯಿಸೋಕೆ ಹೋಗುತ್ತೆ.

ನಾನು ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಮೊದಲು ನಕ್ಕರು. ಆಮೇಲೆ ಗಾಳಿ ನೋಡಿಸಿದರೆ, ಗಾಡಿಯ ಪುಸ್ತಕದಲ್ಲಿ ಬರೆದಿದ್ದಕ್ಕಿಂತ ಮೂರು ಚಕ್ರದಲ್ಲೂ ಕಮ್ಮಿ ಇತ್ತು. ಸರಿಯಾಗಿ ತುಂಬಿಸಿದೆವು. ಸೀಟಿನ ಹಿಂದೆ ಬಿದ್ದಿದ್ದ ಎರಡು ಮೂಟೆ ಮರಳು ಇಳಿಸಿದೆವು. 40 ದಾಟಬಾರದು, ನಿಲ್ಲಿಸುವ ಜಾಗ ದೂರದಿಂದಲೇ ನೋಡಿ ಎಕ್ಸಲೇಟರ್ ಬಿಡಬೇಕು ಎಂದು ಮಾತಾಯಿತು. ನಾನು ಹದಿನೈದು ದಿನ ನೋಟ್‌ಬುಕ್ಕಿನಲ್ಲಿ ಬರೆದೆ. ಅದೇ 72 ಕಿಲೋಮೀಟರ್ ಓಡಿಯೂ ಸಂಜೆಗೆ ನೂರಕ್ಕೆ ಇಪ್ಪತ್ತರ ಹತ್ತಿರ ಉಳಿಯಿತು.

ಮೇಷ್ಟ್ರು ನನ್ನ ಪುಸ್ತಕ ನೋಡಿ, "ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದ್ದೀಯ, ಯಾವುದರಿಂದ ಎಷ್ಟು ಉಳಿಯಿತು ಅಂತ ಹೇಗೆ ಹೇಳ್ತೀಯ?" ಎಂದರು. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಆದರೆ ಉಳಿದದ್ದಂತೂ ಸುಳ್ಳಲ್ಲ. ನಮ್ಮ ಬ್ಯಾಟರಿ 7 ಯೂನಿಟ್ ಹಿಡಿಯುತ್ತದೆ. ಅಂದರೆ ದಿನಕ್ಕೆ ಸುಮಾರು 1 ಯೂನಿಟ್ ಉಳಿಯಿತು. 1 ಯೂನಿಟ್‌ನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು 111 ಗಂಟೆ ಉರಿಯುತ್ತದೆ. ದಿನಾ ರಾತ್ರಿ 3 ಗಂಟೆ ಓದಿದರೆ ಒಂದು ತಿಂಗಳಿಗೂ ಮಿಕ್ಕುತ್ತದೆ!

ಬ್ಯಾಟರಿಗೆ ವಯಸ್ಸಾಗುವುದಿಲ್ಲವೇ ಎಂದು ಕೆಲವರು ಕೇಳಬಹುದು. ಆಗುತ್ತದೆ. ಒಂದು ದಿನ ಬದಲಾಯಿಸಲೇಬೇಕು. ಆದರೆ ದೊಡ್ಡ ಬ್ಯಾಟರಿ ಎಂದರೆ ಹೆಚ್ಚು ಭಾರ. ತನ್ನ ಭಾರವನ್ನು ತಾನೇ ಹೊರಬೇಕು. ಕೊಡ ತೂತಾಗಿದ್ದರೆ ತೂತು ಮುಚ್ಚಬೇಕೇ ಹೊರತು ದೊಡ್ಡ ಕೊಡ ತರಬಾರದು. 2001ರಲ್ಲಿ ಬೆಂಗಳೂರಿನಲ್ಲಿ ರೇವಾ ಎಂಬ ಕರೆಂಟ್ ಕಾರು ಬಂತು. ಆಗಿನ ಭಾರದ ಸೀಸದ ಬ್ಯಾಟರಿ ಇದ್ದರೂ ಒಮ್ಮೆ ಚಾರ್ಜು ಮಾಡಿದರೆ ಸುಮಾರು 80 ಕಿಲೋಮೀಟರ್ ಓಡುತ್ತಿತ್ತಂತೆ. ಏಕೆಂದರೆ ಕಾರು ಪುಟ್ಟದಾಗಿತ್ತು.

ಇನ್ನೊಂದು ಮಾತು. ಕರೆಂಟ್ ಗಾಡಿ ಹೊಗೆ ಬಿಡಲ್ಲ ಅಂತೀವಿ. ನಮ್ಮೂರಲ್ಲಿ ಬಿಡಲ್ಲ ನಿಜ. ಆದರೆ ಕರೆಂಟು ಶರಾವತಿಯ ನೀರಿನಿಂದ, ಪಾವಗಡದ ಬಿಸಿಲಿನಿಂದ ಬರುವಂತೆಯೇ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟೂ ಬರುತ್ತದೆ. ನಾವು ಇಲ್ಲಿ ಚೆಲ್ಲಿದ ಚಾರ್ಜಿನ ಹೊಗೆಯನ್ನು ಅಲ್ಲಿಯ ಮಕ್ಕಳು ಕುಡಿಯಬೇಕು. ಇದು ನ್ಯಾಯವೇ?

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ನಿಮ್ಮ ಮನೆಯಲ್ಲಿ ಕರೆಂಟ್ ಸ್ಕೂಟರ್ ಇದ್ದರೆ ಹದಿನೈದು ದಿನಕ್ಕೊಮ್ಮೆ ಗಾಳಿ ನೋಡಿಸಿ. ಪುಸ್ತಕದಲ್ಲಿ ಬರೆದಷ್ಟೇ ಇರಲಿ, ಹೆಚ್ಚೂ ಬೇಡ. ಸೈಕಲ್ ಶಾಪಿನಲ್ಲಿ ಗಾಳಿ ಅಳೆಯುವ ಮೀಟರ್ ಇಲ್ಲ, ಪಂಚಾಯಿತಿಯವರು ಒಂದು ಕೊಡಿಸಿದರೆ ಇಡೀ ಊರಿಗೆ ಉಪಯೋಗ. ಈ ಸಲ ನಾನು ಒಂದೊಂದನ್ನೇ ಬದಲಾಯಿಸಿ ಲೆಕ್ಕ ಬರೆಯುತ್ತೇನೆ. ಯಾರಾದರೂ ಜೊತೆಗೆ ಸೇರುವುದಾದರೆ ಸೇರಿ.

ಹನಿಗೂಡಿದರೆ ಹಳ್ಳ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಗೌರಿ ಸದ್ಯಕ್ಕೆ ನಮ್ಮ ಕೊಟ್ಟಿಗೆಯಲ್ಲೇ ಇದ್ದಾಳೆ.

ಇಂತಿ,
ಏಳನೇ ತರಗತಿಯ ವಿದ್ಯಾರ್ಥಿನಿ